ಇಂಗ್ಲಿಷ್ ಹಳ್ಳಿಯಲ್ಲಿ ಗೌರಿ ಹಬ್ಬ

ತಟ್ಟೆಯ ಮೇಲೆ ಟೀ ಕಪ್ಪು ಕಣಕಣ ನಡುಗಿತು. ಪಕ್ಕದ ಸೆಲೆಟಾರ್ ವಿಮಾನ ನಿಲ್ದಾಣದಿಂದ ತರಬೇತಿ ವಿಮಾನ ಮೇಲೇಳುತ್ತಿದೆ ಎಂದರೆ ನಾಲ್ಕು ಗಂಟೆ; ಹುಲ್ಲುಹಾಸಿನ ಮೇಲೆ ಕೂತು ಟೀ ಕುಡಿಯಬೇಕಾದ ಹೊತ್ತು. ಅನಸೂಯ ಹಣೆಯ ಬೆವರು ಒರೆಸಿಕೊಂಡು ಟೀ ಬಗ್ಗಿಸಿದಳು. ಹಾಸನದವಳು, ಅವಳ ಜೀವ ಕಾಫಿಯಲ್ಲಿತ್ತು.

ಬ್ರಿಟಿಷರು ಈ ದ್ವೀಪದಲ್ಲಿ ತಮ್ಮ ವಾಯುಪಡೆಗೆಂದು ಕಟ್ಟಿ ಬಿಟ್ಟುಹೋದ ಕಪ್ಪುಬಿಳುಪಿನ ಬಂಗಲೆ ಅದು. ಸುತ್ತಲಿನ ರಸ್ತೆಗಳಿಗೆಲ್ಲ ಲಂಡನ್ನಿನ ಹೆಸರು. ಗಂಡ ದ್ವಾರಕನಾಥ ವಿಮಾನ ರಿಪೇರಿಯ ಇಂಜಿನಿಯರು. ತರಬೇತಿಗೆಂದು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಒಂಬತ್ತು ತಿಂಗಳಿದ್ದು ಬಂದವನು. ಒಂಬತ್ತು ತಿಂಗಳಿಗೆ ಲೋಕಕ್ಕೆ ಮಗು ಹುಟ್ಟಿದರೆ, ಅವನಿಗೆ ಹಳ್ಳಿ ಹುಟ್ಟಿತ್ತು. ಆಂಗ್ ಮೋ ಕಿಯೋ ಬಡಾವಣೆಯ ಫ್ಲ್ಯಾಟು ಬಿಡಿಸಿ ಹೆಂಡತಿಯನ್ನು ಇಲ್ಲಿಗೆ ತಂದಿದ್ದ.

ಆ ಹಳ್ಳಿಯವರು ಬೇಲಿಯಾಚೆಯಿಂದ ಹವೆಯ ಮಾತಾಡುತ್ತಾರೆಂದು ಅವನೂ ದಿನಾ ಬೇಲಿಗೆ ಹೋಗಿ, ಪಕ್ಕದ ಮನೆಯ ಚೀನೀ ಅಜ್ಜನಿಗೆ ‘ಇವತ್ತು ಸ್ವಲ್ಪ ಸೆಖೆ’ ಎನ್ನುವನು. ವರ್ಷವಿಡೀ ಒಂದೇ ಸೆಖೆಯ ಊರಲ್ಲಿ ಎಪ್ಪತ್ತು ವರ್ಷ ಬೆವತ ಅಜ್ಜ, ಪಾಪ, ಹೊಸ ಸುದ್ದಿ ಕೇಳಿದವನಂತೆ ತಲೆಯಾಡಿಸುವನು.

ಅಲ್ಲಿ ಹೇಳದೆ ಕೇಳದೆ ಯಾರೂ ಯಾರ ಮನೆಗೂ ಹೋಗುವುದಿಲ್ಲವಂತೆ. ಈ ಪದ್ಧತಿಯೂ ಬಂದಿತು. ಎಂಟು ತಿಂಗಳಾದರೂ ಅನಸೂಯಳ ಹೊಸಿಲನ್ನು ಒಬ್ಬ ಹೆಂಗಸೂ ದಾಟಿರಲಿಲ್ಲ.

ಇಂದು ೧೯೯೩ರ ಗೌರಿ ಹಬ್ಬ. ಅಕ್ಕಿ, ಬೇಳೆ, ಬೆಲ್ಲ, ಬಳೆ ತುಂಬಿದ ಮೂರು ಮೊರದ ಬಾಗಿನಗಳು ಸಂಜೆಯೊಳಗೆ ಮುತ್ತೈದೆಯರ ಕೈ ಸೇರಬೇಕು. ಫೋನಿನಲ್ಲಿ ಕರೆಯುತ್ತೇನೆಂದವಳನ್ನು ತಡೆದು ದ್ವಾರಕನಾಥ ಕಾರ್ಡು ಅಚ್ಚು ಹಾಕಿಸಿ ಹಳೆಯ ನೆರೆಯವರಿಗೆ ಅಂಚೆಯಲ್ಲಿ ಕಳಿಸಿದ್ದ: ಅರಿಸಿನ ಕುಂಕುಮ, ನಾಲ್ಕರಿಂದ ಐದು, ಬರುವವರು ಮುಂಚಿತವಾಗಿ ಪತ್ರ ಬರೆದು ತಿಳಿಸತಕ್ಕದ್ದು.

ಒಂದು ಪತ್ರವೂ ಬರಲಿಲ್ಲ.

“ಬರಲ್ಲ ಅಂತ ಅರ್ಥ. ನಮ್ಮ ಜನಕ್ಕೆ ರಿಪ್ಲೈ ಮಾಡೋ ಮ್ಯಾನರ್ಸೇ ಇಲ್ಲ” ಎಂದ ದ್ವಾರಕನಾಥ.

ಅನಸೂಯ ಒಳಗೆ ಹೋಗಿ ಆಂಗ್ ಮೋ ಕಿಯೋದ ಹಳೆಯ ನೆರೆಯವಳಾದ ಶೋಭಾಳಿಗೆ ಫೋನ್ ಮಾಡಿದಳು.

“ಅಯ್ಯೋ ಆಂಟಿ, ಕುಂಕುಮಕ್ಕೆ ಬರ್ತೀನಿ ಅಂತ ಯಾರಾದ್ರೂ ಲೆಟರ್ ಬರೀತಾರಾ? ನಮ್ಮನೆಯವರು ಎರಡು ಸಲ ಡ್ರಾಫ್ಟ್ ಮಾಡಿ ಹರಿದು ಹಾಕಿದ್ರು. ಉತ್ತರ ಬರೀದೆ ಹೋದ್ರೆ ಅಂಕಲ್ ಗೇಟಲ್ಲೇ ವಾಪಸ್ ಕಳಿಸ್ತಾರೆ ಅಂತ ಎದುರುಮನೆ ಪ್ರಭಾ ಬೇರೆ ಹೆದರಿಸಿಬಿಟ್ಲು! ಸೀರೆ ಉಟ್ಕೊಂಡು ಎಲ್ರೂ ಬಿಲ್ಡಿಂಗ್ ಕೆಳಗೆ ವಾಯ್ಡ್ ಡೆಕ್ಕಿನ ಕಂಬಗಳ ಮಧ್ಯೆ ಕೂತಿದಾರೆ. ನಾನು ಕಾಫಿ ತಗೊಂಡು ಹೋಗಕ್ಕೆ ಮೇಲೆ ಬಂದೆ.”

“ಅಲ್ಲೇ ಕೂತಿರಿ” ಎಂದಳು ಅನಸೂಯ.

ಬಾಗಿನಗಳನ್ನು ಎರಡು ದೊಡ್ಡ ಚೀಲಗಳಿಗೆ ಇಳಿಸಿ ಹುಲ್ಲುಹಾಸು ದಾಟತೊಡಗಿದಳು.

“ಎಲ್ಲಿಗೆ?”

“ಆಂಗ್ ಮೋ ಕಿಯೋಗೆ.”

“ಇನ್ವೈಟ್ ಮಾಡದೆ ಇನ್ನೊಬ್ಬರ ಮನೆಗೆ ನುಗ್ಗೋದಾ?”

“ಮನೆಗಲ್ಲ ರೀ, ಬಿಲ್ಡಿಂಗ್ ಕೆಳಗೆ. ಅಲ್ಲಿ ನುಗ್ಗೋಣ ಅಂದ್ರೂ ಬಾಗಿಲಿಲ್ಲ.”

“ನಿಂತ್ಕೊ, ಕೇಳಿಲ್ಲಿ. ಆ ಹಳ್ಳೀಲಿ ಒಬ್ಬಳು ಮುದುಕಿ ಇದ್ದಳು. ನಲವತ್ತು ವರ್ಷ ಒಂದೇ ಬೀದಿ. ಒಬ್ಬರ ಮನೆಗೂ ಕರೀದೆ ಹೋದವಳಲ್ಲ, ಇವಳ ಮನೆಗೂ ಯಾರೂ ಹಾಗೆ ಬರ್ತಿರಲಿಲ್ಲ. ಎಂಥ ಡಿಸಿಪ್ಲಿನ್ ಅಂತೀಯ! ತೀರ್ಕೊಂಡಾಗ ಕೂಡ ಮೂರು ದಿನ ಯಾರಿಗೂ—”

ಗೇಟು ತೆರೆದೇ ಇತ್ತು. ಅನಸೂಯ ಆಗಲೇ ಬಸ್ ಸ್ಟಾಪಿನ ಕಡೆ ತಿರುಗಿದ್ದಳು.