ಕಣ್ಣೀರಿಲ್ಲದ ಸೋಬಾನೆ

2003ರಲ್ಲಿ ನಾನು ಕೊಳ್ಳೇಗಾಲದಲ್ಲಿ ವಿಡಿಯೊ ಕ್ಯಾಮೆರಾಮನ್ ಆಗಿದ್ದೆ. ಮದುವೆ, ನಾಮಕರಣ, ಗೃಹಪ್ರವೇಶಗಳೇ ನನ್ನ ಅನ್ನ. ಜಾನಪದ ಹಾಡುಗಳ ವಿಸಿಡಿಗಳು ಸಂತೆಯಲ್ಲೆಲ್ಲ ಮಾರಾಟವಾಗುತ್ತಿದ್ದ ಕಾಲವದು. ಅಂಥದೊಂದು ವಿಸಿಡಿಗೆ ಚಿತ್ರೀಕರಣ ಮಾಡುವ ಕೆಲಸ ಬಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಊಟದ ಪಂಕ್ತಿಗಳನ್ನು ತೆಗೆದೂ ತೆಗೆದೂ ನನಗೆ ಸಾಕುಸಾಕಾಗಿತ್ತು.

ಹಾಡು ಸೋಬಾನೆಯದು, ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ಹೇಳುವಂಥದ್ದು. ಹಾಡಿದ್ದವರು ಲೊಕ್ಕನಹಳ್ಳಿಯ ಮಾದಮ್ಮ. ಸುತ್ತಿನ ಊರುಗಳಲ್ಲಿ ಯಾರ ಮನೆ ಮದುವೆಯಾದರೂ ಸೋಬಾನೆ ಹೇಳಲು ಅವರೇ ಬರಬೇಕು. ಧ್ವನಿಯನ್ನು ಮೈಸೂರಿನ ಸ್ಟುಡಿಯೊದಲ್ಲಿ ಮೊದಲೇ ರೆಕಾರ್ಡ್ ಮಾಡಿಯಾಗಿತ್ತು. ಈಗ ಅವರ ಮನೆಯಲ್ಲೇ ಟೇಪ್ ಹಾಕಿ, ಅದಕ್ಕೆ ಸರಿಯಾಗಿ ಅವರು ತುಟಿ ಆಡಿಸುವುದನ್ನು ಚಿತ್ರಿಸಬೇಕಿತ್ತು. ಮಾದಮ್ಮ ಇದಕ್ಕೆ ಒಪ್ಪಿದ್ದು ಮಗಳು ಶಿವಮ್ಮನಿಗಾಗಿ. ಅವಳನ್ನು ಗೋಪಿನಾಥಂಗೆ ಕೊಟ್ಟಿದ್ದರು. ಅಲ್ಲಿಗೆ ಬಸ್ಸು ಅಪರೂಪ, ಅವಳು ತವರಿಗೆ ಬರುವುದೂ ಅಪರೂಪ.

"ಟಿವೀಲಿ ನನ್ ಮೊಕ ಬಂದ್ರೆ ಅಲ್ಲೇ ಕುಂತ್ಕಂಡು ನೋಡ್ಕತಳೆ ಸಾ," ಎಂದು ನಾನು ಜೀಪಿನಿಂದ ಲೈಟು ಇಳಿಸುವಾಗಲೇ ಹೇಳಿದ್ದರು.

ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ವಿಸಿಡಿಯ ನಿರ್ಮಾಪಕರು ಮಾದಮ್ಮನನ್ನೂ ಸೊಲ್ಲೆತ್ತಿ ಹಾಡುವ ಜೊತೆಯ ಹೆಂಗಸರನ್ನೂ ಸಾಲಾಗಿ ಕ್ಯಾಮೆರಾದ ಕಡೆಗೆ ಮುಖ ಮಾಡಿಸಿ ಕೂರಿಸಿದರು. ಕಣ್ಣು ಕುಕ್ಕುವ ಬಿಸಿಲು, ಹಿಂದೆ ಪ್ಲಾಸ್ಟಿಕ್ ಹೂವಿನ ಹಾರ. ಮಾನಿಟರ್ ನೋಡಿದೆ. ಅಯ್ಯೋ ದೇವರೇ, ಶಾಲೆಯ ಗ್ರೂಪ್ ಫೋಟೊ! ಹಾಡಿನಲ್ಲಿ ಮನೆ ಬರಿದಾಗುತ್ತಿತ್ತು, ಪರದೆಯ ಮೇಲೆ ಹಬ್ಬ ನಡೆಯುತ್ತಿತ್ತು.

ದುಃಖ ಬರುತ್ತಿಲ್ಲವೆಂಬುದು ನಿರ್ಮಾಪಕರಿಗೂ ಗೊತ್ತಾಯಿತು. ಅವರ ಚೀಲದಿಂದ ಗ್ಲಿಸರಿನ್ ಬಾಟಲಿ ಹೊರಬಂತು. ಕಣ್ಣಿನ ಅಂಚಿಗೆ ಸವರಿದರೆ ತಾನಾಗಿಯೇ ನೀರಿಳಿಯುತ್ತದೆ, ಸಿನಿಮಾದವರ ಹಳೆಯ ಉಪಾಯ. ಏನೆಂದು ತಿಳಿದದ್ದೇ ತಡ, ಮಾದಮ್ಮ ಎದ್ದು ನಿಂತರು.

"ಸೋಬಾನೆ ಏಳೋಳು ಕಣ್ಣೀರಾಕ್ಬಾರ್ದು ಸಾ. ಮದ್ವೆಣ್ಣಿಗೆ ಒಳ್ಳೇದಾಗಕಿಲ್ಲ."

"ಇದೇನು ನಿಜವಾದ ಮದುವೆಯೇನಮ್ಮ? ಶೂಟಿಂಗು!" ಎಂದರು ನಿರ್ಮಾಪಕರು.

"ಸೋಬಾನೆ ದಿಟ ಅಲ್ವಾ? ನನ್ ಮಗಳ ಮದ್ವೇಲೇ ದಿಟದ್ ನೀರ ತಡ್ಕಂಡೋಳು ನಾನು. ಅವ್ವ ಅಳ್ಲೇ ಇಲ್ಲ ಅಂತ ಅವ್ಳು ಇವತ್ಗೂ ಅಂತಳೆ. ಅಂತಾದ್ರಲ್ಲಿ ಈ ಬಾಟ್ಲಿ ನೀರ ಬುಟ್ಕಂಡು ಅಳ್ಲಾ?"

"ಬೇಡವಾದರೆ ಬಿಡಿ. ಧ್ವನಿ ಹೇಗೂ ನಮ್ಮ ಹತ್ತಿರ ಇದೆ. ಮೈಸೂರಿನಿಂದ ಯಾರಾದರೂ ನಟಿಯನ್ನು ಕರೆಸಿ ತುಟಿ ಆಡಿಸಿದರಾಯಿತು."

ಮಾದಮ್ಮ ಜಗಲಿಯ ಮೇಲೆ ಹೋಗಿ ಕುಳಿತುಬಿಟ್ಟರು. ಮಗಳಿಗೆ ಕಾಣಬೇಕಾದ ಮುಖ ಅಷ್ಟು ಹೊತ್ತಿಗೇ ಬಾಡಿಹೋಗಿತ್ತು. ನನಗೆ ರೇಗಿಹೋಯಿತು. ಹಾಡು ಅವರದ್ದು, ಮುಖ ಇನ್ನಾರದ್ದೋ! "ಸಂಜೆವರೆಗೆ ನನಗೆ ಬಿಡಿ ಸ್ವಾಮಿ. ಕಣ್ಣೀರಿಲ್ಲದೆ ದುಃಖ ತರುತ್ತೇನೆ. ಬಾರದಿದ್ದರೆ ಯಾರನ್ನಾದರೂ ಕರೆಸಿಕೊಳ್ಳಿ," ಎಂದೆ.

ಮನೆಯ ಬಾಗಿಲು ಪಡುವಣಕ್ಕಿತ್ತು. ಒಳಗೆ ನಡುಮನೆ ಕತ್ತಲೆ. ಲೈಟುಗಳನ್ನೆಲ್ಲ ಆರಿಸಿದೆ, ಇಳಿಬಿಸಿಲಿಗೆ ಕಾದೆ. ಬಿಳಿ ಯಾವುದೆಂದು ಕ್ಯಾಮೆರಾಗೆ ತಿಳಿಸಲು ಅದರ ಮುಂದೆ ಬಿಳಿ ಹಾಳೆ ಹಿಡಿಯುತ್ತೇವೆ, ಅದಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ನಾನು ಬಿಳಿಯ ಬದಲು ತಿಳಿನೀಲಿ ಹಾಳೆ ಹಿಡಿದೆ. ಕ್ಯಾಮೆರಾ ಮೋಸಹೋಯಿತು, ಚಿತ್ರವೆಲ್ಲ ದೀಪದ ಬೆಳಕಿನಂತೆ ಹೊಂಬಣ್ಣಕ್ಕೆ ತಿರುಗಿತು. ಮಾದಮ್ಮನನ್ನು ಬಾಗಿಲ ಪಕ್ಕ ಕೂರಿಸಿ ಮೊದಲ ನುಡಿಗಳಿಗೆ ಮುಖವನ್ನೇ ಹತ್ತಿರದಿಂದ ತೆಗೆದೆ. ಅರ್ಧ ಮುಖ ಬೆಳಕಿನಲ್ಲಿ, ಅರ್ಧ ಕತ್ತಲಲ್ಲಿ. ಕಣ್ಣು ಒಣಗಿಯೇ ಇತ್ತು.

ಕೊನೆಯ ನುಡಿಗೆ ಕ್ಯಾಮೆರಾವನ್ನು ಅವರ ಬೆನ್ನ ಹಿಂದೆ ನೆಲಮಟ್ಟದಲ್ಲಿಟ್ಟೆ. ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಗೆ ಐರಿಸ್ ಎನ್ನುತ್ತಾರೆ. ಅದನ್ನು ಒಳಗಿನ ಕತ್ತಲೆಗೆ ತಕ್ಕಂತೆ ಅಗಲವಾಗಿ ತೆರೆದದ್ದರಿಂದ ಹೊರಗಿನ ಅಂಗಳ ಬರೀ ಬಿಳುಪಾಗಿ ಕಾಣುತ್ತಿತ್ತು. ಮದುವಣಗಿತ್ತಿಯ ವೇಷದಲ್ಲಿದ್ದವಳು ಪಕ್ಕದ ಮನೆಯ ಹುಡುಗಿ. "ಅವಳ ಸೆರಗು ಸರಿಮಾಡಿ ಕಳಿಸಿ, ಅಷ್ಟೇ," ಎಂದು ಮಾದಮ್ಮನಿಗೆ ಹೇಳಿದೆ.

ಟೇಪ್ ಓಡಿತು. ಮಾದಮ್ಮ ಸೆರಗು ಸರಿಮಾಡಿದರು. ಹುಡುಗಿ ಹೊಸಿಲು ದಾಟಿದಳು, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಆ ಬಿಳುಪಿನಲ್ಲಿ ಕರಗಿಹೋದಳು. ಮಾದಮ್ಮನ ಕೈ ಮಾತ್ರ ಸೆರಗು ಇದ್ದ ಜಾಗದಲ್ಲೇ ಗಾಳಿಯಲ್ಲಿ ನಿಂತಿತ್ತು. ಅದು ನಾನು ಹೇಳಿಕೊಟ್ಟದ್ದಲ್ಲ.

"ಕಟ್ ಮಾಡ್ರೀ! ಹುಡುಗಿ ಹೋದಳಲ್ಲ, ಖಾಲಿ ಬಾಗಿಲು ಯಾರು ನೋಡ್ತಾರೆ?" ಎಂದು ನಿರ್ಮಾಪಕರು ಕೂಗಿದರು. ನಾನು ಕಿವುಡನಂತಿದ್ದೆ. ಹಾಡು ಮುಗಿಯುವವರೆಗೆ ಕ್ಯಾಮೆರಾ ಅಲುಗಿಸಲಿಲ್ಲ, ಜೂಮ್ ಮಾಡಲಿಲ್ಲ. ಆಮೇಲೆ ಅವರು ಮಾನಿಟರಿನಲ್ಲಿ ಆ ತುಣುಕನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. "ಇರ್ಲಿ ಬಿಡಿ, ಇವರೇ ಇರ್ಲಿ," ಎಂದು ಗೊಣಗುತ್ತ ಬಾಟಲಿಯನ್ನು ಚೀಲಕ್ಕೆ ಸೇರಿಸಿದರು. ಎಡಿಟಿಂಗ್‌ನಲ್ಲಿ ಆ ಬಾಗಿಲಿನ ಮೇಲೆ ಹೃದಯದಾಕಾರದ ಗ್ರಾಫಿಕ್ಸ್ ಹಾರಿಸಲು ಹೊರಟವರ ಜೊತೆ ನಾನು ಜಗಳವಾಡಿದ್ದು ಬೇರೆ ಮಾತು.

ಯುಗಾದಿಗೆ ಶಿವಮ್ಮ ತವರಿಗೆ ಬಂದಳೆಂದು ಸುದ್ದಿ ಬಂತು. ಹನೂರಿನಲ್ಲಿ ಟಿವಿ, ಪ್ಲೇಯರ್ ಬಾಡಿಗೆಗೆ ಹಿಡಿದು ಲೊಕ್ಕನಹಳ್ಳಿಗೆ ಹೋಗಿ ವಿಸಿಡಿ ಹಾಕಿದೆ. ಅವ್ವನ ಮುಖ ಬಂದಾಗ ಅವಳು ನಗುನಗುತ್ತ ಕಂಕುಳಲ್ಲಿದ್ದ ಮಗುವಿಗೆ ತೋರಿಸಿದಳು. ಬಾಗಿಲು ಖಾಲಿಯಾದಾಗ ನಗು ನಿಂತಿತು.

"ಅಳ್ತಿದ್ದೀಯಲ್ಲವ್ವಾ," ಎಂದಳು.

"ಯಾರ್ ಅತ್ತೋರು? ಈಗಿನ್ನ ನೋಡ್ದಲ್ಲ, ನನ್ ಕಣ್ಣು ಒಣಗೇ ಇತ್ತು!"

"ಕಣ್ಣಲ್ಲ ಕಣವ್ವೋ. ನಿನ್ ಕೈ ನೋಡು."

ಮಾದಮ್ಮ ಪರದೆ ನೋಡಿದರು, ಮಡಿಲಲ್ಲಿದ್ದ ತಮ್ಮ ಕೈ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಕಣ್ಣ ಕಾಯ್ಕಂಡೆ, ಕೈಯ ಮರ್ತ್ಬುಟ್ಟೆ ಕಣ್ ಸಾ," ಎಂದರು. ಮಗಳು ಆ ಕೈಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು.

ಹುಡುಗಿ ಹೊಸಿಲು ದಾಟಿದೊಡನೆ ಕ್ಯಾಮೆರಾ ಆರಿಸುವುದು ಮದುವೆ ವಿಡಿಯೊದವರ ಪದ್ಧತಿ. ನಾನೂ ಹಾಗೇ ಮಾಡುತ್ತಿದ್ದೆ. ಅಂದಿನಿಂದ ಇನ್ನಷ್ಟು ಹೊತ್ತು ಓಡಲು ಬಿಡುತ್ತೇನೆ, ಹೋದವಳ ಕಡೆಗಲ್ಲ, ಉಳಿದವರ ಕೈಗಳ ಕಡೆಗೆ.