ತಂಬೂರಿಯ ಹಿಂದೆ ಕೂತವಳು

ನಮ್ಮ ಮನೆಯ ತಂಬೂರಿ ನನಗಿಂತ ಎತ್ತರ. ಅದರ ಬುರುಡೆಯನ್ನು ಎರಡೂ ಕೈಯಿಂದ ತಬ್ಬಿದರೂ ಬೆರಳಿಗೆ ಬೆರಳು ತಾಗುವುದಿಲ್ಲ. ಅಣ್ಣನ ದನಿ ಯಾರಿಗೂ ಇಲ್ಲದಷ್ಟು ತಗ್ಗಿನದು. ಅಂಗಡಿಯ ತಂಬೂರಿ ಯಾವುದೂ ಅಷ್ಟು ಕೆಳಗೆ ಇಳಿಯದೆ, ಮಿರಜದಲ್ಲಿ ಹೇಳಿ ಮಾಡಿಸಿ ತಂದಿದ್ದ. ಕೊನೆಯ ದಪ್ಪ ತಂತಿಯನ್ನು ಮೀಟಿದರೆ ಜಮಖಾನದ ಮೇಲೆ ಕೂತವರಿಗೆ ಕಿವಿಗಿಂತ ಮೊದಲು ತೊಡೆಗೆ ಗೊತ್ತಾಗುತ್ತಿತ್ತು.

ಗಬ್ಬೂರು, ಮಲ್ಲಟ, ನೀರಮಾನ್ವಿ, ವಚನ ಹಾಡಲು ಎಲ್ಲಿಗೆ ಕರೆದರೂ ರಾಯಚೂರಿನ ಬಸ್‌ ಸ್ಟ್ಯಾಂಡಿನಲ್ಲಿ ಅಣ್ಣ ಮುಂದೆ, ಕೌದಿ ಸುತ್ತಿದ ತಂಬೂರಿ ಹಿಡಿದು ನಾನು ಹಿಂದೆ. "ಯಾರಿಗರ ಆರಾಮಿಲ್ಲೇನು ಯವ್ವಾ, ಮಲಗಿಸ್ಕೊಂಡು ಹೊಂಟೀರಿ?" ಎಂದು ಒಬ್ಬ ಕಂಡಕ್ಟರ್ ಕೇಳಿದ್ದ.

ಮೂವತ್ತು ವರ್ಷ ಅಣ್ಣನ ಬೆನ್ನು ನೋಡುತ್ತ ತಂತಿ ಮೀಟಿದೆ. ಅವನದು ಒಂದೇ ಕಟ್ಟಪ್ಪಣೆ: ತಂಬೂರಿ ಹಿಡಿದವರ ತುಟಿ ಅಲ್ಲಾಡಬಾರದು. ಅಲ್ಲಾಡಿಸಲಿಲ್ಲ. ನನ್ನ ಮದುವೆಯ ಮಾತು ಒಂದೆರಡು ಸಲ ಬಂದು, ಆ ಊರು ಈ ಊರು ತಿರುಗುವುದರಲ್ಲಿ ಎಲ್ಲೋ ಕಳೆದುಹೋಯಿತು. ಅದಕ್ಕೂ ನಾನು ತುಟಿ ಬಿಚ್ಚಲಿಲ್ಲ.

ಅಣ್ಣ ಹೋಗಿ ಎರಡು ವರ್ಷವಾಯಿತು. ಈಗ ಹಾಡುವವರ ಹತ್ತಿರ ಅಂಗೈಯಗಲದ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇದೆ. ಗುಂಡಿ ಒತ್ತಿದರೆ ಸಾಕು, ಅದಕ್ಕೆ ಊಟ ಹಾಕಬೇಕಿಲ್ಲ. ಆದರೂ ನಾಚಿಕೆ ಬಿಟ್ಟು ಮಾನ್ವಿಯ ಒಬ್ಬ ಹಾಡುಗಾರರನ್ನು ಕೇಳಿದೆ, ನಿಮ್ಮ ಹಿಂದೆ ಕೂರುತ್ತೇನೆ ಎಂದು. "ಅಕ್ಕಾರ, ಈ ತಂಬೂರಿಗೆ ಹಾಡ್ಬೇಕಂದ್ರ ಬಾವ್ಯಾಗ ಇಳೀಬೇಕ್ರಿ" ಎಂದರು. ಅವರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ಏರಿಸಿ ಶ್ರುತಿ ಮಾಡಿದರೆ ಆ ತಂತಿಗಳು ತಡೆಯುವುದಿಲ್ಲ. ಆ ಶ್ರುತಿಗೆ ಹಾಡುವ ಗಂಟಲಿಲ್ಲ. ಸುಮ್ಮನೆ ಗೋಡೆಗೆ ಆನಿಸಿದ ತಂಬೂರಿಯನ್ನು ದಿನಾ ನೋಡುತ್ತ ಉಣ್ಣುವುದು ಆಗದೆ, ಗಬ್ಬೂರಿನ ಮಠಕ್ಕೆ ಕೊಡುತ್ತೇನೆಂದು ಹೇಳಿಕಳಿಸಿದೆ. ಗಾಜಿನ ಕಪಾಟಿನಲ್ಲಿ ಇಡುತ್ತಾರಂತೆ.

ಒಯ್ಯಲು ಜೀಪು ತಂದವರು ಅಣ್ಣನಿಗೆ ಕೊನೆಯವರೆಗೂ ತಬಲಾ ಸಾಥ್ ಕೊಟ್ಟ ಕಾಕಾ. ಚಹಾ ಕೊಟ್ಟು, ಶ್ರುತಿ ಕೆಟ್ಟ ತಂಬೂರಿಯನ್ನು ಕಳಿಸಬಾರದೆಂದು ಮುಂದೆ ಇಟ್ಟುಕೊಂಡೆ. ಆಗ ಕೈ ನಿಂತಿತು. ಶ್ರುತಿ ಮಾಡುವಾಗ ಅಣ್ಣ ಕಣ್ಣು ಮುಚ್ಚಿ ಷಡ್ಜ ಹಿಡಿಯುತ್ತಿದ್ದ. ಆ ದನಿಗೆ ನಾನು ಬಿರಡೆ ತಿರುಗಿಸುತ್ತಿದ್ದೆ. ನನಗೆ ಬೇರೆ ರೀತಿ ಗೊತ್ತೇ ಇಲ್ಲ.

"ಕಾಕಾ, ನೀವರ ಒಂದಿಷ್ಟು ಸಾ ಹಿಡೀರಿ" ಎಂದೆ.

"ನಂದು ಕೈ ವಿದ್ಯಾ ಯವ್ವಾ. ಗಂಟಲು ದೇವ್ರು ಕೊಟ್ಟಿಲ್ಲ. ನೀನ ಹಿಡಿ."

ಹಿಡಿದೆ. ಮೊದಲು ಕೆಮ್ಮು ಬಂತು. ಆಮೇಲೆ ಅದೇ ಸ್ವರದಲ್ಲಿ, ಅಣ್ಣನದಕ್ಕಿಂತ ಸರಿಯಾಗಿ ಒಂದು ಸಪ್ತಕ ಮೇಲೆ ನನ್ನ ದನಿ ನಿಂತಿತು. ಒಂದೊಂದೇ ತಂತಿಯನ್ನು ಅದಕ್ಕೆ ಕೂಡಿಸಿದೆ. ಕೊನೆಯ ತಂತಿ ತುಂಬಿಕೊಂಡು ಬಂದಾಗ ನಿಲ್ಲಿಸಲು ಮನಸ್ಸಾಗಲಿಲ್ಲ. ಒಂದು ಸಾಲು ಹಾಡಿಯೂ ಬಿಟ್ಟೆ. ದನಿಯನ್ನು ಎಲ್ಲೂ ಎಳೆದಾಡಬೇಕಾಗಲಿಲ್ಲ. ಈ ತಂಬೂರಿಗೆ ಗಂಟಲಿಲ್ಲ ಎಂದು ಎರಡು ವರ್ಷ ನಂಬಿ ಕೂತವಳು ನಾನು!

ಕಾಕಾ ಬಟ್ಟಲು ಕೆಳಗಿಟ್ಟರು. "ನಿಮ್ಮಣ್ಣಗ ಇದು ಗೊತ್ತಿತ್ತು."

"ಏನು ಗೊತ್ತಿತ್ರಿ?"

"ಒಮ್ಮೆ ಮಾನ್ವ್ಯಾಗ ಮಠದ ಅಡಿಗಿ ಮನ್ಯಾಗ ರೊಟ್ಟಿ ಬಡಕೋತ ಹಾಡಾಕತ್ತಿದ್ದಿ. ನಾವಿಬ್ರೂ ಬಾಗಿಲ ಹೊರಗ ನಿಂತು ಪೂರಾ ಕೇಳಿದ್ವಿ. ಈಕಿನ್ನ ಮುಂದ ಕುಂದರ್ಸೋ ಅಂದೆ. 'ಈಕಿ ಮುಂದ ಕುಂತ್ರ ನನ್ನ ಹಿಂದ ಯಾರು ಕುಂದರ್ತಾರ?' ಅಂದ."

ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ತಿರುಗಿ ನೋಡುತ್ತಿದ್ದ ಅಣ್ಣನ ಕಿವಿ ಅದು. ಆ ಕಿವಿಗೆ ನಾನು ಬಿದ್ದಿದ್ದೆ, ಮತ್ತು ಅವನು ಸುಮ್ಮನಿದ್ದ. ಬೈಯೋಣವೆಂದರೆ ಮನುಷ್ಯನೇ ಇಲ್ಲ.

ತಂಬೂರಿ ಕೊಡುವುದಿಲ್ಲ ಎಂದೆ. ಕಾಕಾ ಯಾಕೆಂದು ಕೇಳದೆ ಖಾಲಿ ಜೀಪಿನಲ್ಲಿ ಹೋದರು. ನಾನು ಬಾಗಿಲು ಹಾಕಿಕೊಂಡು ಅದರ ಮುಂದೆ ಕೂತೆ. ಅಣ್ಣನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು. ಹಾಡಿ ತೋರಿಸಬೇಕು ಅನ್ನಿಸಿದ್ದೂ ಅವನೊಬ್ಬನಿಗೇ.