ನೀರಿನ ಗಂಡ

ನನ್ನ ಸೋದರತ್ತೆಯ ತುರುಬು ಪೂರ್ತಿ ಒಣಗಿದ್ದನ್ನು ನಾನು ಕಂಡವನಲ್ಲ. ಮಾತಾಡುವಾಗಲೂ ಅದರ ತುದಿಯಿಂದ ಒಂದೊಂದೇ ಹನಿ ಬೆನ್ನಿಗೆ ಇಳಿಯುತ್ತಿರುತ್ತಿತ್ತು. ಅರವತ್ತು ದಾಟಿದ ಮೇಲೂ, ಚನ್ನರಾಯಪಟ್ಟಣದ ಹೊರಗಿನ ತನ್ನ ತೆಂಗಿನ ತೋಟದ ಬಾವಿಯಲ್ಲಿ ಈಜದೆ ಆಕೆ ಬೆಳಗಿನ ಕಾಫಿ ಮುಟ್ಟುತ್ತಿರಲಿಲ್ಲ.

ನಾನಾದರೋ ಬಕೆಟ್ಟಿನಾಚೆಯ ನೀರನ್ನು ಕಂಡರೆ ನಡುಗುವವನು. ಇದಕ್ಕೆ ಶಾಸ್ತ್ರಾಧಾರವಿತ್ತು. ನಾಮಕರಣದ ದಿನವೇ ಜೋಯಿಸರು ಜಾತಕ ನೋಡಿ ‘ಜಲಗಂಡ’ ಎಂದು ಅಪ್ಪಣೆ ಕೊಡಿಸಿದ್ದರು. ಅಂದರೆ, ನೀರಿನಿಂದ ಪ್ರಾಣಕಂಟಕ. ಅಂದಿನಿಂದ ನನ್ನ ಭಯಕ್ಕೆ ಮನೆದೇವರ ಪಕ್ಕದಲ್ಲೇ ಪೀಠ. ಕೆರೆ ಏರಿ ನಿಷಿದ್ಧ, ಶಾಲೆಯ ಪ್ರವಾಸ ನಿಷಿದ್ಧ. ಹೊಳೆನರಸೀಪುರದ ಸೇತುವೆ ಬಂದರೆ ಬಸ್ಸಿನಲ್ಲಿ ಕಣ್ಣು ಮುಚ್ಚಬೇಕೆಂಬುದು ಅಮ್ಮನ ಕಟ್ಟಳೆ. ಹಾಸನದಲ್ಲಿ ಕೆಲಸಕ್ಕೆ ಸೇರಿ, ಮೀಸೆ ನರೆತ ಮೇಲೂ ಮುಚ್ಚುತ್ತಿದ್ದೆ. ಯಾವ ಊರಿನ ಕೆರೆಯಲ್ಲಿ ಯಾರು ಮುಳುಗಿದರೂ ಆ ಸುದ್ದಿ ಅಮ್ಮನ ಮೊಬೈಲಿನಿಂದ ನನ್ನ ಮೊಬೈಲಿಗೆ ತಪ್ಪದೆ ಬರುತ್ತಿತ್ತು. ಒಂದು ಮನೆತನ ಇಷ್ಟು ಶ್ರದ್ಧೆಯಿಂದ ಒಬ್ಬನನ್ನು ಕೈಲಾಗದವನನ್ನಾಗಿ ಮಾಡಿದ್ದಕ್ಕೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಅತ್ತೆಗೆ ಆಗಲೇ ಉರಿಯುತ್ತಿತ್ತು. ಒಂದು ಭಾನುವಾರ ತೋಟದಲ್ಲಿ ಅಮ್ಮನೆದುರೇ ಸಿಡಿದಳು.

“ಜಲಗಂಡ ಅಂತೆ ಜಲಗಂಡ! ಮನೇಲಿದ್ದ ಗಂಡಂಗೇ ನಾನು ಎದ್ರಲಿಲ್ಲ, ಇದ್ಯಾವನ್ಲಾ ನೀರಿನ ಗಂಡ? ನಡಿ, ಮಕ ತೋರ್ಸು.”

“ಒಬ್ಬನೇ ಮಗ ಕಣಕ್ಕಾ,” ಎಂದಳು ಅಮ್ಮ.

“ಒಬ್ನೇ ಅಂದ್ರೆ ಜಾಡೀಲಿ ಉಪ್ಪಾಕಿ ಮುಚ್ಚಿಡು!”

ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ನನ್ನ ಸೊಂಟಕ್ಕೆ ಬಿಗಿದಳು. ನಮ್ಮ ಕಡೆ ಈಜು ಕಲಿಯುವ ಮಕ್ಕಳಿಗೆ ಮಾಡುವ ಏರ್ಪಾಡು ಅದು. ಆ ಸರ್ವಾಲಂಕಾರದಲ್ಲಿ, ನರೆತ ಮೀಸೆಯೊಡನೆ, ಬಾವಿಯ ಮೆಟ್ಟಿಲ ಮೇಲೆ ನಿಂತೆ.

“ಅತ್ತೆ, ಭಯ ಆಗ್ತದೆ.”

“ಆಗ್ಲಿ ಬುಡ್ಲಾ. ಅದ್ನೂ ಕರ್ಕಂಡು ಇಳಿ. ಅದೊಂದೇ ಮ್ಯಾಲೆ ಕುಂತು ಏನ್ ಮಾಡ್ತದೆ?”

ಭಯ ಹೋದ ಮೇಲೆ ಇಳಿಯಬೇಕೆಂದೇ ನಾನು ನಂಬಿದ್ದೆ. ಹಾಗೆ ಕಾಯುತ್ತ ಅರ್ಧ ಆಯುಷ್ಯ ಕಳೆದಿತ್ತು. ಅಂದು ಇಬ್ಬರೂ ಇಳಿದೆವು.

ಈಜು ಬಂತು. ಆದರೆ ಕಾಯಿ ಬಿಚ್ಚಲು ಮಾತ್ರ ನಾನು ಒಪ್ಪಲಿಲ್ಲ. “ತಾಳಿ ಕಟ್ಟಿದ್ಯೇನ್ಲಾ ಅವಕ್ಕೆ?” ಎಂದು ಅತ್ತೆ ರೇಗುತ್ತಿದ್ದಳು. ನಾನು ಬಿಚ್ಚುವುದನ್ನು ನೋಡುವ ಮೊದಲೇ, ಕಳೆದ ಬೇಸಿಗೆಯಲ್ಲಿ, ಎದೆನೋವೆಂದು ಮಲಗಿದವಳು ಏಳಲಿಲ್ಲ.

ಮಕ್ಕಳಿಲ್ಲದ ಅತ್ತೆಯ ಅಸ್ಥಿ ಬಿಡುವ ಕರ್ತವ್ಯ ನನ್ನದು. ಹೊಳೆನರಸೀಪುರದಲ್ಲಿ ಹೇಮಾವತಿಯ ದಡಕ್ಕೆ ಹೋದರೆ, ನೆಂಟರೆಲ್ಲ ಅಡ್ಡ ನಿಂತರು.

“ನೀನ್ ಇಳೀಬ್ಯಾಡ ಕಣಪ್ಪ, ಜಲಗಂಡ ಐತೆ. ಬ್ಯಾರೆ ಯಾರಾದ್ರೂ ಬುಡ್ಲಿ.”

ಅಮ್ಮ ನನ್ನ ಪಂಚೆಯ ಚುಂಗು ಹಿಡಿದಳು. ಅತ್ತೆಯನ್ನು ಕಳಿಸಿಕೊಡಲು ಬಂದ ಈ ಮಹಾಜನರಲ್ಲಿ ಒಬ್ಬರಾದರೂ ಆಕೆಯ ಒಂದು ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ! ನನ್ನ ಬಾಯಿಂದ ಅತ್ತೆಯ ದನಿಯೇ ಬಂತು:

“ಬುಡಮ್ಮ ಪಂಚೇನ!”

ಸೊಂಟಕ್ಕೆ ಕಾಯಿ ಇರಲಿಲ್ಲ. ಭಯ ಇತ್ತು. ಅದನ್ನೂ ಕರೆದುಕೊಂಡು ಎದೆಮಟ್ಟ ಇಳಿದು, ಅಸ್ಥಿಯ ಕುಡಿಕೆ ಬಿಟ್ಟು, ಮುಳುಗು ಹಾಕಿದೆ.

ಹಿಂತಿರುಗುವಾಗ ಬಸ್ಸು ಸೇತುವೆ ಏರಿತು. ಕಣ್ಣು ಬಿಟ್ಟುಕೊಂಡೇ ಕೂತಿದ್ದೆ. ತಲೆ ಒರೆಸಿಕೊಂಡಿರಲಿಲ್ಲ, ಒಂದೊಂದೇ ಹನಿ ಬೆನ್ನಿಗೆ ಇಳಿಯುತ್ತಿತ್ತು.